ಕೇಳಿ, ಹೇಳ್ತೀವಿ: ಪುಟ್ಟಮಲ್ಲಿಯಿಂದ ಪುಟ್ಟಕ್ಕನವರೆಗೆ

ಹೋದ ಸಂಚಿಕೆಯಲ್ಲಿ ಬೇರೇನೋ ಪ್ರಶ್ನೆಗೆ ಉತ್ತರ ಬರೆಯುವಾಗ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಕನ್ನಡ ಸಿನಿಮಾ ನಟಿ ಉಮಾಶ್ರೀ ಅವರ ಗಂಟಲನ್ನು ಚೆನ್ನಾಗಿ ದುಡಿಸಿಕೊಂಡಿತು, ಮುಖವನ್ನು ಮರೆತೇಬಿಟ್ಟಿತು ಅಂತ. ಅಷ್ಟೇ ನೋಡಿ, ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಮೇಲೆಯೇ. ಕೆಲವರು ಬೈದಿದ್ದಾರೆ, ಕೆಲವರು ನಾನು ಹೇಳದೇ ಇದ್ದದ್ದನ್ನೂ ಹೇಳಿದ್ದೇನೆ ಅಂದುಕೊಂಡು ಹೊಗಳಿದ್ದಾರೆ. ಹಾಗಾಗಿ ಪುಟ ಪೂರ್ತಿ ಉಮಾಶ್ರೀ ಅವರಿಗೇ ಬಿಟ್ಟಿದ್ದೇನೆ. ಕ್ರಿಕೆಟ್ ಮತ್ತು ಮಂಡಿನೋವಿನ ಪ್ರಶ್ನೆಗಳು ಮುಂದಿನ ಸಲ.

ಉಮಾಶ್ರೀ ನಮ್ಮ ತಾಲ್ಲೂಕಿನವರು. ನೂರಾರು ಸಿನಿಮಾ ಮಾಡಿದ್ದಾರೆ. ಅಂಥವರ ಮುಖ ಮರೆತರು ಅಂದ್ರೆ ಏನರ್ಥ? — ತಿಪಟೂರಿನಿಂದ

ಮೊದಲು ನಿಮ್ಮ ಹೆಮ್ಮೆಯ ವಿಷಯ ಹೇಳಿಬಿಡುತ್ತೇನೆ. ಹೌದು, ಹುಟ್ಟಿದ್ದು ನೊಣವಿನಕೆರೆಯಲ್ಲಿ, 1957ರಲ್ಲಿ. ತಕರಾರಿಲ್ಲ.

ಇನ್ನು ಮುಖದ ವಿಷಯ. ಸಿನಿಮಾದವರು ಅವರನ್ನು ಗುರುತಿಸುವ ಹೊತ್ತಿಗೆ ರಂಗಭೂಮಿಯವರು ಅವರಿಂದ ಏನು ಮಾಡಿಸುತ್ತಿದ್ದರು ಅನ್ನೋದನ್ನು ನೋಡಬೇಕು. ದೇವನೂರ ಮಹಾದೇವರ 'ಒಡಲಾಳ' ಕಾದಂಬರಿ ಇದೆಯಲ್ಲ, ಅದನ್ನು ರಂಗ ನಿರ್ದೇಶಕ ಸಿಜಿಕೆ ನಾಟಕ ಮಾಡಿಸಿದಾಗ ಸಾಕವ್ವನ ಪಾತ್ರ ಉಮಾಶ್ರೀ ಅವರದ್ದು. ಸಾಕವ್ವ ಅಂದ್ರೆ ಮುದುಕಿ, ಕಳೆದುಹೋದ ಒಂದು ಹುಂಜಕ್ಕಾಗಿ ಕೇರಿಯನ್ನೆಲ್ಲ ಶಪಿಸುತ್ತಾ ಅಲೆಯುವವಳು, ಮನೆ ತುಂಬ ಮಕ್ಕಳು ಮೊಮ್ಮಕ್ಕಳು, ಹೊಟ್ಟೆ ತುಂಬ ಹಸಿವು. ಆಗ ಉಮಾಶ್ರೀ ಮುದುಕಿಯ ವಯಸ್ಸಿನ ಹತ್ತಿರವೂ ಇರಲಿಲ್ಲ. ಆದರೂ ಆ ನಾಟಕ ನೋಡಿದ ತಲೆಮಾರು ಇವತ್ತಿಗೂ ಸಾಕವ್ವ ಅಂದರೆ ಅವರ ಹೆಸರನ್ನೇ ಹೇಳುತ್ತದೆ. ಬೈಗುಳದಲ್ಲೂ ನಗು, ನಗುವಿನ ಹಿಂದೆಯೇ ಸಂಕಟ. ಎರಡನ್ನೂ ಒಂದೇ ಮುಖದಲ್ಲಿ ಹಿಡಿಯೋದು ಅಷ್ಟು ಸುಲಭ ಅಲ್ಲ.

ಸಿನಿಮಾ ಆ ಮುದುಕಿಯಿಂದ ತೆಗೆದುಕೊಂಡದ್ದು ಬೈಗುಳವನ್ನು ಮಾತ್ರ. 1984ರಲ್ಲಿ ಕಾಶೀನಾಥ್ ಅವರ 'ಅನುಭವ' ಬಂತು. ಅದರಿಂದ ಹೆಸರು ಬಂತು, ಹೆಸರಿನ ಜೊತೆಗೆ ಒಂದು ಮುದ್ರೆಯೂ ಬಿತ್ತು. ಅಲ್ಲಿಂದ ಮುಂದೆ ಜೋರು ಬಾಯಿಯ ಹೆಂಗಸು ಬೇಕು, ಹಾಸ್ಯನಟನಿಗೆ ಜೋಡಿ ಬೇಕು, ಎರಡು ಅರ್ಥದ ಮಾತು ಹೇಳಿ ಸೈ ಅನ್ನಿಸಿಕೊಳ್ಳುವವರು ಬೇಕು ಅಂದಾಗಲೆಲ್ಲ ಅವರಿಗೇ ಕರೆ. ಎನ್.ಎಸ್. ರಾವ್, ದಿನೇಶ್, ಮೈಸೂರು ಲೋಕೇಶ್, ದೊಡ್ಡಣ್ಣ, ಹೀಗೆ ಜೋಡಿ ಬದಲಾಗುತ್ತಿತ್ತು, ಪಾತ್ರ ಬದಲಾಗುತ್ತಿರಲಿಲ್ಲ. ಕ್ಯಾಮೆರಾ ಅವರ ಮುಂದೆ ಸುಮ್ಮನೆ ನಿಂತು, ಅವರು ಮಾತಾಡದೆ ಇರುವಾಗ ಏನಾಗುತ್ತದೆ ಅಂತ ನೋಡಿದ್ದು ತೀರಾ ಕಡಿಮೆ. ನಾನು ಹೇಳಿದ್ದು ಇದನ್ನೇ.

ಆ ಡಬಲ್ ಮೀನಿಂಗ್ ಸೀನುಗಳನ್ನು ಮನೆಯವರ ಜೊತೆ ಕೂತು ನೋಡೋಕೆ ಆಗ್ತಿರಲಿಲ್ಲ. ಅಷ್ಟು ಪ್ರತಿಭೆ ಇದ್ದವರು ಒಪ್ಪಿಕೊಂಡದ್ದು ಯಾಕೆ? ಅವರನ್ನು ಸುಮ್ನೆ ಸಮರ್ಥಿಸಬೇಡಿ. — ದಾವಣಗೆರೆಯಿಂದ

ಸಮರ್ಥಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ಇಬ್ಬರು ಮಕ್ಕಳನ್ನು ಒಬ್ಬರೇ ದುಡಿದು ಸಾಕಿದವರು ಅವರು. ಇದನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ, ಗುಟ್ಟೇನಲ್ಲ. ಹವ್ಯಾಸಿ ನಾಟಕದಲ್ಲಿ ಚಪ್ಪಾಳೆ ಸಿಗುತ್ತದೆ, ಮನೆ ಬಾಡಿಗೆ ಸಿಗುವುದಿಲ್ಲ. ಹೀರೋಯಿನ್‌ಗಳಿಗೆ ಒಂದು ಸಿನಿಮಾ ಬೇಡ ಅಂದರೆ ಇನ್ನೊಂದು ಬರಬಹುದು ಅನ್ನೋ ಧೈರ್ಯ ಇರುತ್ತದೆ. ಪೋಷಕ ನಟಿಗೆ ಅದಿಲ್ಲ. ಇವರು ಬೇಡ ಅಂದರೆ ಆ ಪಾತ್ರ ಸಂಜೆಯೊಳಗೆ ಬೇರೆಯವರಿಗೆ ಹೋಗುತ್ತದೆ, ಮುಂದಿನ ಸಲ ಮ್ಯಾನೇಜರ್ ಫೋನ್ ಮಾಡೋದೂ ಇಲ್ಲ.

ಇನ್ನೊಂದು ಮಾತು. ಆ ಸಂಭಾಷಣೆ ಬರೆದದ್ದು ಅವರಲ್ಲ. ಬರೆದವರು ಗಂಡಸರು, ದುಡ್ಡು ಹಾಕಿದವರು ಗಂಡಸರು, ಸೆನ್ಸಾರಿನಿಂದ ಪಾಸು ಮಾಡಿಸಿಕೊಂಡು ಬಂದವರೂ ಅವರೇ, ಮುಂದಿನ ಬೆಂಚಿನಲ್ಲಿ ಕೂತು ಸಿಳ್ಳೆ ಹಾಕಿದವರೂ ಅವರೇ. ಮರ್ಯಾದೆ ಪ್ರಶ್ನೆ ಮಾತ್ರ ಹೇಳಿದ ಹೆಂಗಸಿಗೆ! ಜೋಡಿಯಾಗಿ ಅದೇ ಸೀನಿನಲ್ಲಿದ್ದ ಹಾಸ್ಯನಟರಿಗೆ ಯಾರಾದರೂ ಈ ಪ್ರಶ್ನೆ ಕೇಳಿದ್ದಾರಾ?

ಹಾಗಂತ ಆ ಸೀನುಗಳು ಚೆನ್ನಾಗಿದ್ದವು ಅಂತ ನಾನು ಹೇಳೋದಿಲ್ಲ. ಬಹಳಷ್ಟು ಕೆಟ್ಟದಾಗಿದ್ದವು. ಆದರೆ ಈಗ ಮತ್ತೆ ನೋಡಿದರೆ ಒಂದು ಗೊತ್ತಾಗುತ್ತದೆ, ಕೆಟ್ಟ ಸಾಲನ್ನೂ ಅವರು ಟೈಮಿಂಗ್ ತಪ್ಪದೆ ಹೇಳಿದ್ದಾರೆ. ಎಲ್ಲಿ ಉಸಿರು ನಿಲ್ಲಿಸಬೇಕು, ಎಲ್ಲಿ ಎದುರಿನವರಿಗೆ ಬಿಟ್ಟುಕೊಡಬೇಕು ಅನ್ನೋ ಲೆಕ್ಕ ಪಕ್ಕಾ. ಆ ಕಸುಬು ಆಮೇಲೆ ಬೇರೆ ಕಡೆ ಕೆಲಸಕ್ಕೆ ಬಂತು.

'ಪುಟ್ನಂಜ'ದ ಪುಟ್ಟಮಲ್ಲಿ ಮಾಡುವಾಗ ಅವರಿಗೆ ಎಷ್ಟು ವಯಸ್ಸು? ನಾನು ಚಿಕ್ಕವನಿದ್ದಾಗ ನಿಜವಾದ ಅಜ್ಜಿ ಅಂದ್ಕೊಂಡಿದ್ದೆ. — ಮೈಸೂರಿನಿಂದ

ಸಿನಿಮಾ ಬಂದದ್ದು 1995ರಲ್ಲಿ. ಅಂದರೆ ಹೆಚ್ಚೆಂದರೆ 38. ಮೊಮ್ಮಗನಾಗಿ ಮಾಡಿದ ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಅಜ್ಜಿಗೂ ಮೊಮ್ಮಗನಿಗೂ ಬರೀ ನಾಲ್ಕು ವರ್ಷ ಅಂತರ!

ನಗು ಬರುತ್ತೆ, ಆದರೆ ಇದರಲ್ಲಿ ಎರಡು ವಿಷಯ ಇದೆ. ಒಂದು, ನಮ್ಮಲ್ಲಿ ನಟಿಯರಿಗೆ ವಯಸ್ಸಾಗುವ ವೇಗವೇ ಬೇರೆ. ಪಂಢರಿಬಾಯಿ ಅವರಂಥವರೂ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್‌ಗೆ ನಾಯಕಿಯಾಗಿ ಬಂದು, ಆಮೇಲೆ ತಾಯಿ ಪಾತ್ರಗಳ ಕಡೆ ಹೋಗಬೇಕಾಯಿತು. ನಾಯಕ ಮಾತ್ರ ನಾಯಕನಾಗಿಯೇ ಉಳಿಯುತ್ತಾನೆ. ಎರಡನೆಯದು, ಪುಟ್ಟಮಲ್ಲಿ ಬರೀ ಬಿಳಿ ಕೂದಲಿನ ವಿಗ್ ಅಲ್ಲ. ಆ ನಡಿಗೆ ನೋಡಿ, ಸೊಂಟದ ಮೇಲೆ ಕೈ ಇಡೋ ರೀತಿ ನೋಡಿ, ಮೊಮ್ಮಗನನ್ನು ಗದರಿಸುವಾಗಲೇ ಮುದ್ದು ಮಾಡೋದು ನೋಡಿ. ರವಿಚಂದ್ರನ್ ಸಿನಿಮಾ ಅಂದ್ರೆ ಹಾಡು, ಹೂವು, ಸೆಟ್ಟು. ಅಷ್ಟೆಲ್ಲ ಬಣ್ಣದ ನಡುವೆಯೂ ಜನ ಅಜ್ಜಿಯನ್ನು ನೆನಪಿಟ್ಟುಕೊಂಡರು. ಒಳಗಿದ್ದವಳು ಸಾಕವ್ವ ಅಂತ ನನಗೆ ಅನ್ನಿಸುತ್ತದೆ, ಈ ಸಲ ಸ್ವಲ್ಪ ಹೊಟ್ಟೆ ತುಂಬಿದ ಸಾಕವ್ವ.

'ಗುಲಾಬಿ ಟಾಕೀಸ್' ನಮ್ಮ ಊರಿನ ಕಡೆಯ ಕಥೆ. ಬಯಲುಸೀಮೆಯವರನ್ನು ಕರೆದು ನಮ್ಮ ಮಾತು ಆಡಿಸಿದ್ದು ಸರಿಯಾ? ಕರಾವಳಿಯಲ್ಲಿ ನಟಿಯರೇ ಇರಲಿಲ್ವಾ? — ಕುಂದಾಪುರದಿಂದ

ಇದ್ದರು, ಇದ್ದಾರೆ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಕುಂದಾಪುರದ ಮಾತು ಹೊರಗಿನವರ ಬಾಯಲ್ಲಿ ಎಲ್ಲಿ ಜಾರುತ್ತದೆ ಅನ್ನೋದು ಅಲ್ಲೇ ಹುಟ್ಟಿದವರ ಕಿವಿಗೆ ತಕ್ಷಣ ತಿಳಿಯುತ್ತೆ, ಅದನ್ನು ನಾನು ಅಲ್ಲಗಳೆಯೋದಿಲ್ಲ.

ಆದರೂ ನಾನು ನಿರ್ದೇಶಕ ಗಿರೀಶ್ ಕಾಸರವಳ್ಳಿ ಅವರ ಪರ. ಯಾಕೆ ಅಂತ ಹೇಳ್ತೀನಿ. ವೈದೇಹಿ ಅವರ ಕಥೆಯನ್ನು ಇಟ್ಟುಕೊಂಡು ಕಾಸರವಳ್ಳಿ ಅದನ್ನು ತುಂಬ ಬದಲಾಯಿಸಿದರು. ಕಥೆ ಊರಿಗೆ ಬರುವ ಸಿನಿಮಾ ಟಾಕೀಸಿನದ್ದು, ಸಿನಿಮಾ ಊರಿಗೆ ಬರುವ ಟೀವಿಯದ್ದು. ಕಾರ್ಗಿಲ್ ಯುದ್ಧದ ಕಾಲ. ಗುಲಾಬಿ ಮೀನುಗಾರರ ಊರಿನ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಗಂಡ ಇನ್ನೊಂದು ಸಂಸಾರ ಮಾಡಿಕೊಂಡು ದೂರವಾಗಿದ್ದಾನೆ. ಅವಳಿಗೆ ಇರೋದು ಒಂದೇ ಹುಚ್ಚು, ಸಿನಿಮಾ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಕಲರ್ ಟೀವಿ, ಡಿಶ್ ಬರುತ್ತದೆ, ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಕೆಲವರು ಬಾಗಿಲಾಚೆ ನಿಲ್ಲುತ್ತಾರೆ. ಅಷ್ಟರಲ್ಲಿ ದೊಡ್ಡ ಬೋಟಿನವರಿಗೂ ಸಣ್ಣ ದೋಣಿಯವರಿಗೂ ಜಗಳ ಶುರುವಾಗಿ, ಅದು ನೋಡನೋಡುತ್ತಲೇ ಹಿಂದೂ ಮುಸ್ಲಿಂ ಜಗಳದ ಬಣ್ಣ ಪಡೆಯುತ್ತದೆ.

ಇಲ್ಲಿ ಗುಲಾಬಿಗೆ ಭಾಷಣ ಇಲ್ಲ. ಜೋರು ಅಳುವೂ ಇಲ್ಲ. ಟೀವಿ ನೋಡುತ್ತಾ ಕೂತ ಹೆಂಗಸಿನ ಮುಖವನ್ನು ನಾವು ನೋಡುತ್ತಾ ಕೂರಬೇಕು, ಸಿನಿಮಾದ ಅರ್ಧ ಕೆಲಸ ಅದೇ. ಇಪ್ಪತ್ತು ವರ್ಷ ಜೋರು ಬಾಯಿಯ ಪಾತ್ರ ಮಾಡಿದವರನ್ನು ಕರೆದು, ಬಾಯಿ ಮುಚ್ಚಿಸಿ, ಮುಖ ನೋಡಿದರು ಕಾಸರವಳ್ಳಿ. ಅದಕ್ಕೇ ಪಾತ್ರ ಗೆದ್ದಿತು. ತೆರೆಯ ಮೇಲೆ ಯಾರೋ ಮುತ್ತು ಕೊಟ್ಟರೆ, ಯಾರೋ ಸತ್ತರೆ, ಅದು ಗುಲಾಬಿಯ ಮುಖದಲ್ಲಿ ಹಾದುಹೋಗುವ ರೀತಿ ಇದೆಯಲ್ಲ, ಅದನ್ನು ಹೊಸ ನಟಿಯಿಂದ ಮಾಡಿಸೋದು ಕಷ್ಟವಿತ್ತು. ಅದು ಬರೋದು ವರ್ಷಗಟ್ಟಲೆ ಪ್ರೇಕ್ಷಕರನ್ನು ಕಂಡವರಿಗೆ.

2008ರ ಆ ಸಿನಿಮಾಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪೋಷಕ ನಟಿ ಅಂತ ಅಲ್ಲ, ಅತ್ಯುತ್ತಮ ನಟಿ ಅಂತ. ಕನ್ನಡ ಸಿನಿಮಾಗೆ ಆ ಪ್ರಶಸ್ತಿ ಅದಕ್ಕೂ ಮೊದಲು ತಂದವರು 'ಕಾಡು' ಚಿತ್ರದ ನಂದಿನಿ ಭಕ್ತವತ್ಸಲ ಮತ್ತು 'ಹಸೀನಾ' ಚಿತ್ರದ ತಾರಾ.

ಪ್ರಶಸ್ತಿ ಬಂದ ಮೇಲೆ ಸಿನಿಮಾದವರು ಸರಿಯಾದ ಪಾತ್ರ ಕೊಟ್ಟರಾ? — ಧಾರವಾಡದಿಂದ

ಒಂದು ಕೊಟ್ಟರು, ಅದೂ ಮತ್ತೆ ಕಾಸರವಳ್ಳಿ ಅವರೇ! 'ಕನಸೆಂಬೋ ಕುದುರೆಯನೇರಿ', 2010. ಅಮರೇಶ ನುಗಡೋಣಿ ಅವರ ಕಥೆ. ವೈಜನಾಥ ಬಿರಾದಾರ ಹೆಣ ಹೂಳೋಕೆ ಗುಂಡಿ ತೋಡುವ ಈರ್ಯಾ, ಉಮಾಶ್ರೀ ಅವನ ಹೆಂಡತಿ ರುದ್ರಿ. ಬಿರಾದಾರ ಅವರದ್ದೂ ಇದೇ ಕಥೆ ಅಲ್ವಾ? ಜೀವನಪೂರ್ತಿ ಸಣ್ಣ ಹಾಸ್ಯ ಪಾತ್ರ, ಭಿಕ್ಷುಕ, ಕುಡುಕ. ಆ ಇಬ್ಬರನ್ನು ಗಂಡ ಹೆಂಡತಿ ಮಾಡಿ ಪೂರ್ತಿ ಸಿನಿಮಾ ಅವರ ಮೇಲೆ ಇಟ್ಟದ್ದು ನನ್ನ ಪ್ರಕಾರ ಕಾಸರವಳ್ಳಿ ಅವರ ದೊಡ್ಡ ಧೈರ್ಯ. ನಿಮ್ಮ ಕಡೆಯ ಮಾತು, ನಿಮ್ಮ ಕಡೆಯ ಬಿಸಿಲು. ನೋಡಿಲ್ಲದಿದ್ದರೆ ನೋಡಿ.

ಇದಕ್ಕೂ ಮುಂಚೆ ನಾಗತಿಹಳ್ಳಿ ಚಂದ್ರಶೇಖರ್ ಅವರ 'ಕೊಟ್ರೇಶಿ ಕನಸು' ಬಂದಿತ್ತು, ಕುಂ. ವೀರಭದ್ರಪ್ಪನವರ ಕಥೆ. ಅದರಲ್ಲಿ ಕರಿಬಸವಯ್ಯ, ಉಮಾಶ್ರೀ ಇಬ್ಬರೂ ಇದ್ದರು. ಅಂದರೆ ಅವರಿಗೆ ಇಂಥದ್ದು ಬರುತ್ತೆ ಅಂತ 1994ರಲ್ಲೇ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಕರೆಯಲಿಲ್ಲ, ಅಷ್ಟೇ.

ನಮ್ಮ ತೇರದಾಳ ಕ್ಷೇತ್ರದ ಶಾಸಕಿ ಆಗಿದ್ದರು, ಮಂತ್ರಿ ಆಗಿದ್ದರು. ಮಂತ್ರಿ ಆಗಿದ್ದವರು ಮತ್ತೆ ಸೀರಿಯಲ್‌ನಲ್ಲಿ ಇಡ್ಲಿ ಬೇಯಿಸೋದು ಚೆಂದವಾ? — ಬನಹಟ್ಟಿಯಿಂದ

ಯಾಕೆ ಚೆಂದ ಅಲ್ಲ? ಸೋತ ಮೇಲೆ ಗುತ್ತಿಗೆ ಹಿಡಿಯೋದಕ್ಕಿಂತ ಬಣ್ಣ ಹಚ್ಚೋದು ಎಷ್ಟೋ ವಾಸಿ.

ರಾಜಕೀಯದ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವಿಧಾನ ಪರಿಷತ್ತಿನಲ್ಲಿದ್ದರು, 2008ರಲ್ಲಿ ನಿಮ್ಮಲ್ಲಿ ನಿಂತು ಸೋತರು, 2013ರಲ್ಲಿ ಗೆದ್ದರು, ಸಿದ್ದರಾಮಯ್ಯನವರ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಕಲ್ಯಾಣ, ಕನ್ನಡ ಮತ್ತು ಸಂಸ್ಕೃತಿ ಎರಡೂ ನೋಡಿಕೊಂಡರು. 2018ರಲ್ಲಿ ನೀವೇ ಮನೆಗೆ ಕಳಿಸಿದಿರಿ. 2023ರಲ್ಲಿ ಮತ್ತೆ ಪರಿಷತ್ತಿಗೆ ನಾಮಕರಣವಾಯಿತು. ಮಂತ್ರಿಯಾಗಿ ಹೇಗಿದ್ದರು ಅಂತ ತೀರ್ಪು ಕೊಡೋ ಹಕ್ಕು ನೇಕಾರರ ಊರಿನಲ್ಲಿರುವ ನಿಮ್ಮದು, ಅದಕ್ಕೆ ಕೈ ಹಾಕೋದಿಲ್ಲ. ಒಂದು ತಮಾಷೆ ಮಾತ್ರ ಗಮನಿಸಿದೆ. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಶುರುವಾಗುವಾಗ ಆ ಇಲಾಖೆ ಅವರದ್ದು. ನಾಲ್ಕು ವರ್ಷ ಆದಮೇಲೆ 'ಪುಟ್ಟಕ್ಕನ ಮಕ್ಕಳು' ಸೀರಿಯಲ್‌ನಲ್ಲಿ ಮೆಸ್ ಇಟ್ಟುಕೊಂಡು ಊರಿಗೆಲ್ಲ ಊಟ ಹಾಕಿದರು!

ರಾಜಕೀಯದ ನಡುವೆಯೂ ರಂಗ ಬಿಡಲಿಲ್ಲ ಅನ್ನೋದು ನನಗೆ ಹೆಚ್ಚು ಇಷ್ಟ. ಬೇಲೂರು ರಘುನಂದನ್ ಬರೆದ, ಚಿದಂಬರರಾವ್ ಜಂಬೆ ನಿರ್ದೇಶಿಸಿದ 'ಶರ್ಮಿಷ್ಠೆ' ಏಕವ್ಯಕ್ತಿ ನಾಟಕ. ಅರವತ್ತರ ಆಸುಪಾಸಿನಲ್ಲಿ, ಇಡೀ ರಂಗದ ಮೇಲೆ ಒಬ್ಬರೇ. ಜೊತೆಗೆ ಯಾರಾದರೂ ಇದ್ದರೆ ಮಾತು ಮರೆತಾಗ ಎತ್ತಿಕೊಡುತ್ತಾರೆ. ಒಬ್ಬರೇ ಇದ್ದರೆ ಯಾರೂ ಇಲ್ಲ.

ಸೀರಿಯಲ್ ಅಂದ್ರೆ ಬರೀ ಕಣ್ಣೀರು, ಕ್ಲೋಸಪ್, ಢಂ ಢಂ ಸದ್ದು. ಅಲ್ಲಿ ನಟನೆ ಎಲ್ಲಿದೆ? ರಾಷ್ಟ್ರಪ್ರಶಸ್ತಿ ಬಂದವರು ಅಲ್ಲಿಗೆ ಹೋದದ್ದು ನನಗಂತೂ ಬೇಸರ. — ಬೆಂಗಳೂರಿನಿಂದ

ಬಹಳ ಜನ ಹೀಗೇ ಅಂದುಕೊಂಡಿದ್ದಾರೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು, ಆರೂರು ಜಗದೀಶ್ ಅವರದ್ದು. ಕಥೆ ಎರಡು ಸಾಲಿನದ್ದು. ಗಂಡು ಮಗು ಆಗಲಿಲ್ಲ ಅಂತ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ, ಪುಟ್ಟಕ್ಕ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಬೆಳೆಸಿದಳು. ಬಂದ ಕೂಡಲೇ ಟಿಆರ್‌ಪಿಯಲ್ಲಿ ಮೇಲೆ ಹೋಗಿ ಕೂತಿತು. ಈಗ ನೀವೇ ಹೇಳಿ, ಅರವತ್ತು ದಾಟಿದ ನಟಿಯ ಪಾತ್ರವನ್ನೇ ಹೆಸರಾಗಿ ಇಟ್ಟುಕೊಂಡು ಈ ಮಟ್ಟಕ್ಕೆ ಓಡಿದ ದೊಡ್ಡ ಬಜೆಟ್ಟಿನ ಕನ್ನಡ ಸಿನಿಮಾ ಯಾವುದಿದೆ? ಸಿನಿಮಾದಲ್ಲಿ ಅವರು ನಾಯಕನ ಅಜ್ಜಿ, ನಾಯಕಿಯ ಅತ್ತೆ, ಹಾಸ್ಯನಟನ ಹೆಂಡತಿ. ಸೀರಿಯಲ್‌ನಲ್ಲಿ ಬೇರೆಯವರು ಅವರ ಮಗಳು, ಅವರ ಅಳಿಯ, ಅವರ ಗಂಡ. ನೀವು ಕೀಳು ಅನ್ನೋ ಜಾಗದಲ್ಲೇ ಅವರಿಗೆ ನಡುಮನೆ ಸಿಕ್ಕಿದೆ.

ನಟನೆ ಎಲ್ಲಿದೆ ಅಂದಿರಿ. ದಿನದ ಸೀರಿಯಲ್‌ಗೆ ವಾರಕ್ಕೆ ಐದೋ ಆರೋ ಕಂತು ಬೇಕು. ಎಷ್ಟೋ ಸಲ ಡೈಲಾಗ್ ಶೀಟು ಕೈಗೆ ಬರೋದೇ ಸೆಟ್ಟಿನಲ್ಲಿ, ಪಕ್ಕದಿಂದ ಯಾರೋ ಸಾಲು ಹೇಳಿಕೊಡುತ್ತಿರುತ್ತಾರೆ, ಮಧ್ಯಾಹ್ನ ಸಾವಿನ ಸೀನು, ಸಂಜೆ ಮದುವೆಯ ಸೀನು, ಎರಡೂ ಬೇರೆ ಬೇರೆ ವಾರದ್ದು. ರಿಹರ್ಸಲ್ ಅನ್ನೋದು ಲೈಟ್ ಇಡೋ ಹೊತ್ತಿನಲ್ಲಿ ಆದಷ್ಟು. ಈ ಗದ್ದಲದಲ್ಲಿ ತರಬೇತಿ ಇಲ್ಲದವರು ಮಾಡೋದು ಒಂದೇ, ಹುಬ್ಬು ಎತ್ತಿ ಕಣ್ಣು ಅಗಲ ಮಾಡೋದು. ರಂಗಭೂಮಿಯಿಂದ ಬಂದವರು ಇಲ್ಲೇ ಬೇರೆಯಾಗಿ ಕಾಣುತ್ತಾರೆ. ಪುಟ್ಟಕ್ಕ ಮಾತಾಡುವಾಗ ಕೈ ಸುಮ್ಮನಿರೋದಿಲ್ಲ. ಸೊಪ್ಪು ಬಿಡಿಸುತ್ತಲೋ, ಸೆರಗಿಗೆ ಕೈ ಒರೆಸುತ್ತಲೋ ಇರುತ್ತಾಳೆ. ಅಳುವ ಸೀನಿನಲ್ಲಿ ಅಳು ತಡೆಯೋಕೆ ನೋಡುತ್ತಾಳೆ. ಅಳು ತಡೆಯುವವರನ್ನು ನೋಡಿದರೆ ನಮಗೇ ಅಳು ಬರುತ್ತದೆ, ಗಂಗಾಳ ತುಂಬ ಅತ್ತರೆ ನಾವು ಚಾನೆಲ್ ಬದಲಾಯಿಸುತ್ತೇವೆ. ಆ ಢಂ ಢಂ ಸದ್ದು ಆಮೇಲೆ ಎಡಿಟಿಂಗ್‌ನಲ್ಲಿ ಹಾಕಿದ್ದು, ಅದಕ್ಕೆ ಅವರನ್ನು ಬೈಯಬೇಡಿ.

ಸೀರಿಯಲ್ ಎಳೆದಾಟ ನನಗೂ ಇಷ್ಟ ಇಲ್ಲ. ಕಥೆ ಎರಡು ವರ್ಷಕ್ಕೆ ಮುಗಿಯಬೇಕಿದ್ದು ಮುಗಿಯೋದಿಲ್ಲ, ಆಗ ಅಪಹರಣ, ವೇಷ ಬದಲು, ಸತ್ತವರು ಬದುಕೋದು ಎಲ್ಲ ಶುರು. ಎಷ್ಟು ದೊಡ್ಡ ನಟಿಯಾದರೂ ಅದನ್ನು ಕಾಪಾಡೋಕೆ ಆಗೋದಿಲ್ಲ. ನಾನು ಹೇಳ್ತಿರೋದು ಮೊದಲಿನ ನೂರಿನ್ನೂರು ಕಂತಿನ ಮಾತು.

ಇದೇ ಥರ ನಾಟಕದಿಂದ ಬಂದು ಸಿನಿಮಾ, ಟೀವಿಯಲ್ಲಿ ಗಟ್ಟಿಯಾಗಿ ನಿಂತ ನಟಿಯರು ಇನ್ಯಾರಿದ್ದಾರೆ? — ಸಾಗರದಿಂದ

ಬಿ. ಜಯಶ್ರೀ ಮೊದಲು. ಗುಬ್ಬಿ ವೀರಣ್ಣನವರ ಮೊಮ್ಮಗಳು, ಆದರೆ ತಾತನ ಹೆಸರಿನ ಮೇಲೆ ಬದುಕಿದವರಲ್ಲ. 'ನನ್ನ ಪ್ರೀತಿಯ ಹುಡುಗಿ'ಯ 'ಕಾರ್ ಕಾರ್' ಹಾಡಿನ ಆ ಕಂಠ ಅವರದ್ದೇ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅರುಂಧತಿ ನಾಗ್, ರಂಗಶಂಕರ ಕಟ್ಟಿದವರು, 'ಪಾ' ಹಿಂದಿ ಚಿತ್ರಕ್ಕೆ ಪೋಷಕ ನಟಿಯ ರಾಷ್ಟ್ರಪ್ರಶಸ್ತಿ ಪಡೆದವರು. ವೈಶಾಲಿ ಕಾಸರವಳ್ಳಿ ನಟಿಯಾಗಿ ಎಷ್ಟು ಗಟ್ಟಿಯೋ 'ಮೂಡಲ ಮನೆ' ನಿರ್ದೇಶಕಿಯಾಗಿಯೂ ಅಷ್ಟೇ ಗಟ್ಟಿ, 'ತಾಯಿ ಸಾಹೇಬ'ದ ವಸ್ತ್ರವಿನ್ಯಾಸಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಗಿರಿಜಾ ಲೋಕೇಶ್ ಇದ್ದಾರೆ. ಪಟ್ಟಿ ಇನ್ನೂ ಇದೆ, ಜಾಗ ಇಲ್ಲ.

ಮಗಳಿಗೆ ನಟನೆ ಹುಚ್ಚು. ಹೀರೋಯಿನ್ ಥರ ಇಲ್ಲ ಅಂತ ನೆಂಟರು ನಗ್ತಾರೆ. ಏನು ಮಾಡಲಿ? — ಹಾಸನದಿಂದ

ನೆಂಟರನ್ನು ಬಿಡಿ. ಮಗಳಿಗೆ ಮೊದಲು ನಾಟಕ ಮಾಡಿಸಿ. ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಇದೆ, ಮೈಸೂರಿನ ರಂಗಾಯಣ ಇದೆ, ನಿಮ್ಮ ಊರಲ್ಲೇ ಹವ್ಯಾಸಿ ತಂಡ ಇರಬಹುದು, ವಿಚಾರಿಸಿ. ಡಿಗ್ರಿ ಮುಗಿಸಲಿ, ಕೈಯಲ್ಲಿ ಒಂದು ಕೆಲಸ ಇರಲಿ. ಯಾಕೆ ಅಂದ್ರೆ ಮೇಲೆ ದಾವಣಗೆರೆಯವರಿಗೆ ಬರೆದದ್ದನ್ನು ಇನ್ನೊಂದು ಸಲ ಓದಿ. ಬಾಡಿಗೆ ಕಟ್ಟೋಕೆ ಬೇರೆ ದಾರಿ ಇದ್ದರೆ ಬೇಡದ ಪಾತ್ರಕ್ಕೆ ಬೇಡ ಅನ್ನಬಹುದು. ಫೋಟೋ ಶೂಟ್, ಪೋರ್ಟ್‌ಫೋಲಿಯೋ ಅಂತ ಮುಂಗಡ ದುಡ್ಡು ಕೇಳುವವರು ಸಿಕ್ಕರೆ ಫೋನ್ ಇಟ್ಟುಬಿಡಿ.

ಉಮಾಶ್ರೀ ಅವರದ್ದು ಯಾವುದಾದರೂ ಮೂರು ಹೇಳಿ, ಈ ಭಾನುವಾರ ನೋಡ್ತೀನಿ. — ದುಬೈನಿಂದ

'ಪುಟ್ನಂಜ', 'ಗುಲಾಬಿ ಟಾಕೀಸ್', 'ಕನಸೆಂಬೋ ಕುದುರೆಯನೇರಿ'. ಇದೇ ಕ್ರಮದಲ್ಲಿ ನೋಡಿ. ಮೂರನ್ನೂ ಒಂದೇ ದಿನ ಬೇಡ, ಕೊನೆಯದಕ್ಕೆ ಒಂದು ಸಂಜೆ ಬೇರೆಯಾಗಿ ಇಟ್ಟುಕೊಳ್ಳಿ.

ಪುಟ್ಟಕ್ಕನ ಮೆಸ್ ಇರೋ ದೇವಿಪುರ ಎಲ್ಲಿ ಬರುತ್ತೆ? ನಮ್ಮಮ್ಮ ಹೋಗಿ ಊಟ ಮಾಡಿ ಬರಬೇಕು ಅಂತ ಹಟ ಹಿಡಿದಿದ್ದಾರೆ. — ಕೋಲಾರದಿಂದ

ಅದು ಕಥೆಯ ಊರು, ಬಸ್ ಹತ್ತಿಸಬೇಡಿ. ಅಮ್ಮನಿಗೆ ಮೆಲ್ಲಗೆ ಹೇಳಿ. ಹೇಳೋಕೆ ಮನಸ್ಸಾಗದಿದ್ದರೆ ಮೆಸ್ಸಿಗೆ ಇವತ್ತು ರಜಾ ಅಂದುಬಿಡಿ.